ಕಿಟಕಿ ಕೆಳಗಿನ ಗುಲಾಬಿ

ಕಿಟಕಿಯ ಕೆಳಗಿನ ಗುಲಾಬಿ ಗಿಡವೊಂದೇ ಮೈತುಂಬ ಹೂ ಬಿಟ್ಟಿತ್ತು. ಮಿಕ್ಕ ಹದಿನೆಂಟೂ ಸೊರಗಿದ್ದವು. ಇಂಜಿನಿಯರ್ ಸಾಹೇಬರು ಹೆಂಡತಿಯ ಎದುರಿಗೇ ಮಾಲಿಯ ಮೇಲೆ ಹರಿಹಾಯ್ದರು.

"ಇದಕ್ಕೆ ಯಾವ ಗೊಬ್ಬರ ಹಾಕ್ದೆಯೋ? ಎಲ್ಲಕ್ಕೂ ಅದನ್ನೇ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ!"

ಸಕ್ಕರೆ ಕಾಯಿಲೆಗೆಂದು ಅಮ್ಮಾವ್ರು ದಿನಾ ಬೆಳಿಗ್ಗೆ ಕೊಡುವ ನೆನೆಸಿದ ಮೆಂತ್ಯವನ್ನು ಸಾಹೇಬರು ನೀರಿನ ಸಮೇತ ಕಿಟಕಿಯಾಚೆ ಸುರಿಯುವುದನ್ನು ಮಾಲಿ ಎಷ್ಟೋ ಸಲ ನೋಡಿದ್ದ. ಅವನು ತಲೆ ಕೆರೆದುಕೊಂಡು ಅಮ್ಮಾವ್ರ ಕಡೆ ತಿರುಗಿದ.

"ಅಮ್ಮಾವ್ರೇ, ಇನ್ಮೇಲೆ ಸಾಹೇಬ್ರಿಗೆ ದಿನಾ ಹತ್ತೊಂಬತ್ತು ಲೋಟ ಮೆಂತ್ಯ ನೆನೆಸಿಕೊಡಿ. ಗೊಬ್ಬರ ಅವರೇ ಹಾಕ್ತಾರೆ."

ಅಮ್ಮಾವ್ರು ಬಗ್ಗಿ ಗಿಡದ ಬುಡ ನೋಡಿದರು. ಅಲ್ಲಿ ಮೆಂತ್ಯ ಸೊಪ್ಪು ಗೇಣುದ್ದ ಬೆಳೆದಿತ್ತು. ಸಾಹೇಬರು ಆಕಾಶ ನೋಡಿದರು.

"ಅಷ್ಟೂ ಕಿತ್ತುಕೊಡಪ್ಪ," ಎಂದರು ಅಮ್ಮಾವ್ರು. "ಮಧ್ಯಾಹ್ನ ಪಲ್ಯ ಮಾಡಿ, ಕಿಟಕಿ ಮುಚ್ಚಿ ಬಡಿಸ್ತೀನಿ."