ಪ್ರಚಂಡರಾಯ ಕೊನೆವರೆಗೂ ನೋಡದ ಸಂಡಿಗೆ ವಿಡಿಯೊ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಕೈಯಲ್ಲಿರೋ ಫೋನನ್ನು ಮಗ್ಗುಲಿಗೆ ಇಡಿ. ಈಗ ಹೇಳೋದು ಅದರ ಕಥೆಯನ್ನೇ, ಕೇಳಿಸಿಕೊಂಡರೆ ಅದಕ್ಕೆ ಬೇಜಾರಾದೀತು.

ಮಿಣುಕಾಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನಿಗೆ ಸಿಂಹಾಸನವಿತ್ತು, ರಾಣಿಗೆ ಒಬ್ಬ ತಮ್ಮನಿದ್ದ, ಪ್ರಜೆಗಳಿಗೆ ನೆಟ್‌ವರ್ಕ್ ಇತ್ತು. ಆ ರಾಜ ಒಂದು ಕಾನೂನು ಮಾಡಿದ್ದ. ಯಾರು ಮಾಡಿದ ವಿಡಿಯೊವನ್ನು ಜನ ಹೆಚ್ಚು ನೋಡುತ್ತಾರೋ ಅವರಿಗೆ ಅರಮನೆಯ ಕಣಜದಿಂದ ಭತ್ತ. ಆದರೆ ಅವರ ಚಾನೆಲ್ಲಿಗೆ ಸಾವಿರ ಸಬ್‌ಸ್ಕ್ರೈಬರ್ ಇರಲೇಬೇಕು. ಒಂಬೈನೂರ ತೊಂಬತ್ತೊಂಬತ್ತು ಇದ್ದರೂ ಒಂದು ಕಾಳಿಲ್ಲ. ಹೊಟ್ಟೆ ತುಂಬಿದವರಿಗೆ ಬಡಿಸುವುದು, ಹಸಿದವರಿಗೆ ಸರತಿ ಸಾಲು ತೋರಿಸುವುದು, ಅದು ಅರಮನೆಗಳ ಹಳೇ ಚಾಳಿ ಬಿಡಿ.

ಊರಿನ ಕೆಳಗಿನ ಬೀದಿಯಲ್ಲಿ ಏಳು ಮನೆ, ಏಳು ಹೆಂಗಸರು. ಏಳೂ ಜನ ಕೂಡಿಹಾಕಿ ಒಂದು ಫೋನು ಕೊಂಡಿದ್ದರು. ವಾರಕ್ಕೆ ಏಳು ದಿನ, ದಿನಕ್ಕೊಂದು ಮನೆ. ಸೋಮವಾರ ಚಿಕ್ಕತಾಯಿ ರಂಗೋಲಿ ಹಾಕುತ್ತಿದ್ದಳು. ಮಂಗಳವಾರ ಪುಟ್ಟಸಿದ್ದಿ ರಾಗಿ ಬೀಸುತ್ತಾ ಹಾಡುತ್ತಿದ್ದಳು. ಬುಧವಾರ ಹೊನ್ನಾಜಮ್ಮ ಸಂಡಿಗೆ ಹಾಕುತ್ತಿದ್ದಳು. ಹೀಗೇ ಭಾನುವಾರದ ತನಕ. ಚಾನೆಲ್ಲಿನ ಹೆಸರೂ 'ಏಳು ಮನೆ'. ಭತ್ತ ಬಂದ ದಿನ ಏಳು ಪಾಲು ಎಂದು ಮಾತಾಗಿತ್ತು. ಬಂದಿರಲಿಲ್ಲ, ಯಾಕೆಂದರೆ ಸಾವಿರಕ್ಕೆ ಇನ್ನೂ ಅರವತ್ತು ಜನ ಕಡಿಮೆಯಿದ್ದರು.

ಹೊನ್ನಾಜಮ್ಮನಿಗೆ ಐವತ್ತು ದಾಟಿತ್ತು. ಉಳಿದ ಆರು ಜನರ ಹಾಗೇ ಅವಳಿಗೂ ಮುಖ ತೋರಿಸಲು ನಾಚಿಕೆ, ವಿಡಿಯೊದಲ್ಲಿ ಕೈ ಮಾತ್ರ ಕಾಣುತ್ತಿತ್ತು. ಊರವರೆಲ್ಲ ಅವಳನ್ನು 'ಸಂಡಿಗೆಯವಳು' ಅಂತಲೇ ಕರೆಯುತ್ತಿದ್ದರು. ತವರು ಬಿಟ್ಟ ಮೇಲೆ ಅವಳ ಹೆಸರು ಅವಳಿಗೇ ಮರೆತುಹೋಗುವ ಹಾಗಿತ್ತು. ಬುಧವಾರದ ವಿಡಿಯೊದ ಕೆಳಗೆ ಮಾತ್ರ 'ಹೊನ್ನಾಜಮ್ಮ' ಎಂದು ಬರೆದಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಸಂತೋಷವಾಗುತ್ತಿತ್ತು. ಭತ್ತ ಬರಲಿ ಬಿಡಲಿ, ಆ ಚಾನೆಲ್ಲು ಉಳಿಯಬೇಕು ಅನ್ನುವುದೊಂದೇ ಅವಳ ಆಸೆ.

ಇನ್ನು ರಾಣಿಯ ತಮ್ಮ. ಹೆಸರು ಪ್ರಚಂಡರಾಯ, ಚಾನೆಲ್ಲು 'ಪ್ರಚಂಡ ಲೋಕ', ಸಬ್‌ಸ್ಕ್ರೈಬರ್ ಲಕ್ಷ. ಅರಮನೆಯ ಸಂಬಳ ತಿನ್ನುವವರೆಲ್ಲ ಅವನ ಚಾನೆಲ್ಲಿಗೆ ಸೇರಲೇಬೇಕಿತ್ತು, ಲಕ್ಷ ಆಗದೆ ಇನ್ನೇನಾದೀತು? ಅವನಿಗೆ ಬರುತ್ತಿದ್ದ ಕೆಲಸ ಒಂದೇ. ವಿಡಿಯೊದ ಮೊದಲನೇ ನಿಮಿಷದಲ್ಲಿ ಬಂದು ನಿಂತು, ಮೀಸೆ ತೀಡಿ, "ನಮಸ್ಕಾರ ಮಿಣುಕಾಪುರ, ಕೊನೆವರೆಗೂ ನೋಡಿ" ಅನ್ನುವುದು. ಉಳಿದ ಕೆಲಸವೆಲ್ಲ ಬೇರೆಯವರದು. ವಿಡಿಯೊ ತಯಾರಾದ ಮೇಲೆ ತನ್ನ ಆ ಒಂದು ನಿಮಿಷವನ್ನು ಹತ್ತು ಸಲ ನೋಡುತ್ತಿದ್ದ. ಅಲ್ಲಿಂದ ಮುಂದಕ್ಕೆ ಒಂದು ದಿನವೂ ಹೋದವನಲ್ಲ. ತಾನೇ ಇಲ್ಲದ ಜಾಗದಲ್ಲಿ ನೋಡುವಂಥದ್ದೇನಿರುತ್ತದೆ ಎಂದು ಅವನು ನಿಜವಾಗಿಯೂ ನಂಬಿದ್ದ.

ಒಂದು ಸೋಮವಾರ ಪ್ರಚಂಡರಾಯ ಕೆಳಗಿನ ಬೀದಿಗೆ ಬಂದ.

"ಚಿಕ್ಕತಾಯಮ್ಮ, ಇಬ್ಬರೂ ಸೇರಿ ಒಂದು ವಿಡಿಯೊ ಮಾಡೋಣ. ನನ್ನ ಚಾನೆಲ್ಲು, ನಿಮ್ಮ ರಂಗೋಲಿ. ಬಂದ ಭತ್ತದಲ್ಲಿ ನಿಮಗರ್ಧ, ನನಗರ್ಧ."

ಚಿಕ್ಕತಾಯಿ ಹಿಗ್ಗಿದಳು. ಬೆಳಗಿನಿಂದ ಬಗ್ಗಿ ಅಂಗಳ ತುಂಬ ರಂಗೋಲಿ ಬಿಟ್ಟಳು. ಪ್ರಚಂಡರಾಯ ಒಂದು ನಿಮಿಷ ನಿಂತು, "ಇದರಲ್ಲಿ ಕಾಣೋದೆಲ್ಲ ನನ್ನ ಕೈಕೆಲಸ, ಕೊನೆವರೆಗೂ ನೋಡಿ" ಅಂದು ನೆರಳಿಗೆ ಹೋದ. ವಿಡಿಯೊ ಓಡಿತು. ಭತ್ತ ಬಂತು, ಗಾಡಿಗಟ್ಟಲೆ. ಚಿಕ್ಕತಾಯಿ ಮನೆ ಮುಂದೆ ಮಾತ್ರ ಒಂದು ಗಾಡಿಯೂ ನಿಲ್ಲಲಿಲ್ಲ.

ಅವಳು ಅರಮನೆಗೆ ದೂರು ಒಯ್ದಳು. ಜೊತೆಗೆ ಹೊನ್ನಾಜಮ್ಮನೂ ಹೋದಳು.

"ಭಾವ, ಅರ್ಧ ಕೊಡ್ತೀನಿ ಅಂದಿದ್ದು ನಿಜ. ಕೆಲಸ ಮಾಡಿದ್ದರೆ ಕೊಡಬಹುದಿತ್ತು. ವಿಡಿಯೊದಲ್ಲಿ ಇರೋದು ನನ್ನ ಕೈ," ಅಂದ ಪ್ರಚಂಡರಾಯ.

ರಾಜ ವಿಡಿಯೊ ನೋಡಿದ. ಕೈ ತುಂಬ ಹಸಿರು ಬಳೆ.

"ಬಳೆ?" ಅಂದ.

"ಕಲೆಗೋಸ್ಕರ ತೊಟ್ಟಿದ್ದೆ ಭಾವ."

ರಾಜ ರಾಣಿಯ ಕಡೆ ನೋಡಿದ. ರಾಣಿ ರಾಜನ ಕಡೆ ನೋಡಿದಳು. ಮದುವೆಯಾದವರಿಗೆ ಆ ನೋಟ ಗೊತ್ತು. ರಾಜ ಕರಣಿಕನಿಗೆ, "ಪ್ರಚಂಡರಾಯನ ವಿಡಿಯೊದಲ್ಲಿ ಕಾಣೋ ಕೈ ಪ್ರಚಂಡರಾಯನದೇ. ಬರಕೊಳ್ಳಿ," ಅಂದ. ಕರಣಿಕ ಬರೆದುಕೊಂಡ.

ಮುಂದಿನ ಮಂಗಳವಾರ ಪ್ರಚಂಡರಾಯ ಮತ್ತೆ ಬಂದ.

"ಪುಟ್ಟಸಿದ್ದಮ್ಮ, ಅದು ಕೈಕೆಲಸದ ಲೆಕ್ಕ. ಹಾಡಿನ ಲೆಕ್ಕವೇ ಬೇರೆ. ನಿಮಗೆ ಮುಕ್ಕಾಲು, ನನಗೆ ಕಾಲು."

"ಹೋಗಬ್ಯಾಡ ಕಣೆ," ಅಂದಳು ಹೊನ್ನಾಜಮ್ಮ.

"ಕೈಯಾದ್ರೆ ಯಾರ್ದು ಅಂತ ಬೇಕಾದ್ರೂ ಅನ್ನಬೌದು ಅಕ್ಕಯ್ಯ. ನನ್ ದನಿ ಹೆಂಗೆ ಅವನ್ದಾಯ್ತದೆ?" ಅಂದಳು ಪುಟ್ಟಸಿದ್ದಿ. ಮಾತೇನೋ ನ್ಯಾಯವಾಗಿಯೇ ಇತ್ತು. ಆದರೆ ನ್ಯಾಯ ಹೇಳುವ ಜಾಗದಲ್ಲಿ ರಾಣಿಯೂ ಕೂತಿರುತ್ತಾಳೆ ಅನ್ನುವುದನ್ನು ಪಾಪ ಅವಳು ಮರೆತಿದ್ದಳು.

ಪ್ರಚಂಡರಾಯ ಒಂದು ನಿಮಿಷ ನಿಂತು ಮೀಸೆ ತೀಡಿದ. ಪುಟ್ಟಸಿದ್ದಿ ಒಂದು ಪಡಿ ರಾಗಿ ಬೀಸಿ ಮುಗಿಯುವ ತನಕ ಹಾಡಿದಳು. ವಿಡಿಯೊ ಓಡಿತು. ಗಾಡಿಗಳು ಬಂದವು, ಅರಮನೆಯ ಹಿಂದಿನ ಬಾಗಿಲಿಗೆ ಹೋದವು. ಮತ್ತೆ ದೂರು. ಮತ್ತೆ ರಾಜಸಭೆ.

"ಇದು ಹೆಣ್ಣುದನಿ ಅಲ್ಲವೇನಯ್ಯ?" ಅಂದ ರಾಜ.

"ನೆಗಡಿಯಾಗಿತ್ತು ಭಾವ."

ರಾಜ ರಾಣಿಯ ಕಡೆ ನೋಡಿದ. ರಾಣಿ ರಾಜನ ಕಡೆ ನೋಡಿದಳು. "ಪ್ರಚಂಡರಾಯನ ವಿಡಿಯೊದಲ್ಲಿ ಕೇಳೋ ಮಾತು ಪ್ರಚಂಡರಾಯನದೇ. ಬರಕೊಳ್ಳಿ," ಅಂದ ರಾಜ. ಕರಣಿಕ ತಲೆ ಎತ್ತದೆ ಬರೆದುಕೊಂಡ.

ಮನೆಗೆ ಬರುವ ದಾರಿಯುದ್ದಕ್ಕೂ ಪುಟ್ಟಸಿದ್ದಿ ಅತ್ತಳು. ಹೊನ್ನಾಜಮ್ಮ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಬಾಯಿಗೆ ಬರುವಂಥ ಸಿಟ್ಟಲ್ಲ, ಒಳಗೇ ಕೂತು ಯೋಚನೆ ಮಾಡುವ ಸಿಟ್ಟು. ಕೈ ಅವನದೇ. ಮಾತು ಅವನದೇ. ಆ ಎರಡು ಸಾಲನ್ನು ಅವಳು ಬಾಯಿಪಾಠ ಮಾಡಿಕೊಂಡು ನಡೆದಳು.

ಅದರ ಮುಂದಿನ ವಾರ, ಬುಧವಾರ, ಪ್ರಚಂಡರಾಯ ಮೂರನೇ ಸಲ ಬಂದ. ಈ ಸಲ ಪಾಲಿನ ಮಾತೇ ಇಲ್ಲ.

"ನೋಡಿ, ಬಿಡಿಬಿಡಿಯಾಗಿ ಮಾಡೋದು ಸಾಕು. ನಿಮ್ಮ ಏಳು ಮನೆ ಚಾನೆಲ್ಲನ್ನ ನನ್ನ ಚಾನೆಲ್ಲಿಗೆ ಸೇರಿಸಿಬಿಡಿ. ಫೋನೂ ಅರಮನೆಯಲ್ಲೇ ಇರಲಿ. ಆಗಲ್ಲ ಅಂದ್ರೆ ಹೇಳಿ, ನಾಳೆಯಿಂದ ಈ ಬೀದಿಗೆ ನೆಟ್‌ವರ್ಕ್ ಬರಲ್ಲ."

ಹೊನ್ನಾಜಮ್ಮ ಲೆಕ್ಕ ಹಾಕಿದಳು. ಕೊಟ್ಟರೂ ಚಾನೆಲ್ಲು ಹೋಯಿತು, ಕೊಡದಿದ್ದರೂ ಹೋಯಿತು. ಆದರೆ ಗಂಟೆಗಟ್ಟಲೆ ಬಿಸಿಲಲ್ಲಿ ಕೂತು ಸಂಡಿಗೆಗೆ ಕಾಗೆ ಬಾಯಿ ಹಾಕದ ಹಾಗೆ ಕಾದವಳು ಅವಳು, ಅವಸರಕ್ಕೆ ಬೀಳುವವಳಲ್ಲ.

"ಆಗ್ಲಿ ಬುದ್ಧಿ. ಸಂಡಿಗೆ ವಿಡಿಯೊ ಮಾಡಾನ. ಚಾನೆಲ್ ಸೇರ್ಸೋ ಮಾತ ಅದ್ರಲ್ಲೇ ಕೊನೇಲಿ ನೀವೇ ಹೇಳ್ಬುಡಿ," ಅಂದಳು.

"ಕೊನೆವರೆಗೆ ಈ ಬಿಸಿಲಲ್ಲಿ ಯಾರು ನಿಂತ್ಕೋತಾರೆ? ಮೊದಲನೇ ನಿಮಿಷ ನಾನು ನಿಂತಿರ್ತೀನಿ. ಕೊನೇ ಮಾತನ್ನ ನೀನೇ ಹೇಳಿ ಸೇರಿಸು. ನಾನೇ ಹೇಳಿದ ಹಾಗಿರಬೇಕು ಅಷ್ಟೆ."

"ನೀವೇ ಹೇಳ್ದಂಗೇ ಇರ್ತದೆ ಬುದ್ಧಿ," ಅಂದಳು ಹೊನ್ನಾಜಮ್ಮ.

ಪ್ರಚಂಡರಾಯ ಕೊಡೆಯ ನೆರಳಲ್ಲಿ ನಿಂತ. "ನಮಸ್ಕಾರ ಮಿಣುಕಾಪುರ. ಏಳು ಮನೆಯ ವಿಚಾರವಾಗಿ ಒಂದು ದೊಡ್ಡ ಸುದ್ದಿ ಇದೆ, ಕೊನೆಯಲ್ಲಿ ನಾನೇ ಹೇಳ್ತೀನಿ. ಕೊನೆವರೆಗೂ ನೋಡಿ," ಅಂದು, ಮೀಸೆ ತೀಡಿ, ಪಲ್ಲಕ್ಕಿ ಹತ್ತಿದ.

ಸಂಡಿಗೆ ಒಣಗಲು ಮೂರು ದಿನ ಬೇಕು, ಫೋನು ಹೊನ್ನಾಜಮ್ಮನದು ಒಂದೇ ದಿನ. ಗುರುವಾರದವಳು ತನ್ನ ದಿನ ಬಿಟ್ಟುಕೊಟ್ಟಳು. ಶುಕ್ರವಾರದವಳೂ ಬಿಟ್ಟುಕೊಟ್ಟಳು. ಯಾರೂ ಕರಾರು ಕೇಳಲಿಲ್ಲ. ಹೊನ್ನಾಜಮ್ಮನ ಹಸಿರು ಬಳೆಯ ಕೈ ಅಕ್ಕಿಹಿಟ್ಟು ಕಾಯಿಸಿತು, ಜೀರಿಗೆ ಹಾಕಿತು, ಹಳೇ ಪಂಚೆಯ ಮೇಲೆ ಚಮಚ ಚಮಚವಾಗಿ ಬಿಟ್ಟಿತು, ಒಣಗಿದ ಮೇಲೆ ಪಂಚೆಯ ಬೆನ್ನಿಗೆ ನೀರು ಚಿಮುಕಿಸಿ ಒಂದೊಂದಾಗಿ ಬಿಡಿಸಿತು. ಕೊನೆಯಲ್ಲಿ ಎಣ್ಣೆ ಕಾಯಲಿಟ್ಟಿತು. ಆಮೇಲೆ ಹೊನ್ನಾಜಮ್ಮ ಮಾತು ಸೇರಿಸಿದಳು.

ಶನಿವಾರ ವಿಡಿಯೊ ಅರಮನೆ ಸೇರಿತು. ಪ್ರಚಂಡರಾಯ ತನ್ನ ನಿಮಿಷವನ್ನು ಹತ್ತು ಸಲ ನೋಡಿದ. ಮೀಸೆ ಚೆನ್ನಾಗಿ ಬಂದಿತ್ತು. ಹಾಗೇ ಲೋಕಕ್ಕೆ ಬಿಟ್ಟ. ಅವನ ಕಡೆಯವರೆಲ್ಲ ನೋಡದೆಯೇ ಲೈಕ್ ಒತ್ತಿ ಊಟಕ್ಕೆ ಹೋದರು.

ಪ್ರಚಂಡರಾಯನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅಡುಗೆಮನೆಗೆ ಕಾಲಿಟ್ಟಿದ್ದರೆ ಗೊತ್ತಿರುತ್ತಿತ್ತು. ಸಂಡಿಗೆ ವಿಡಿಯೊವನ್ನು ಜನ ನೋಡುವುದೇ ಕೊನೆಗೋಸ್ಕರ. ಎಣ್ಣೆಗೆ ಬಿದ್ದಾಗ ಅರಳುತ್ತೋ ಇಲ್ಲವೋ, ಅದನ್ನು ನೋಡದೆ ಯಾರೂ ಎದ್ದುಹೋಗುವುದಿಲ್ಲ. ಊರಿಗೆ ಊರೇ ಕಾದು ಕೂತಿತು. ಸಂಡಿಗೆ ಎಣ್ಣೆಗೆ ಬಿತ್ತು, ಸುರ್ರೆಂದು ಅರಳಿ ಬಾಣಲೆ ತುಂಬಿತು. ಹಸಿರು ಬಳೆಯ ಕೈ ಒಂದನ್ನು ಎತ್ತಿ ಹಿಡಿಯಿತು. ದನಿ ಕೇಳಿಸಿತು:

"ನಾನು ರಾಣಿಯ ತಮ್ಮ ಪ್ರಚಂಡರಾಯ ಮಾತಾಡ್ತಾ ಇವ್ನಿ. ರಂಗೋಲಿ ಚಿಕ್ಕತಾಯಿದು, ಹಾಡು ಪುಟ್ಟಸಿದ್ದಿದು, ಸುಳ್ಳು ಮಾತ್ರ ನಂದು. ನಾನು ತಕ್ಕಂಡಿರೋ ಭತ್ತ ಎಲ್ಲಾ ಏಳು ಮನೆಗೆ ವಾಪಸ್ ಕೊಡ್ತೀನಿ. ಇವತ್ತಿಂದ ನನ್ ಚಾನೆಲ್ಲೂ ಏಳು ಮನೆಗೆ ಸೇರ್ತು. ಇಲ್ಲೀ ತಂಕ ನೋಡಿದ್ಕೆ ಒಳ್ಳೇದಾಗ್ಲಿ."

ರಾಜನಿಗೆ ಸಂಡಿಗೆ ಅಂದರೆ ಪ್ರಾಣ. ಅವನೂ ಕೊನೆವರೆಗೆ ನೋಡಿದ್ದ.

ಮರುದಿನ ಸಭೆ ಕಿಕ್ಕಿರಿಯಿತು. ಪ್ರಚಂಡರಾಯ ಅದಕ್ಕೂ ಮೊದಲು ವಿಡಿಯೊವನ್ನು ಜನ್ಮದಲ್ಲೇ ಮೊದಲ ಸಲ ಪೂರ್ತಿ ನೋಡಿ ಬೆವತುಹೋಗಿದ್ದ.

"ಭಾವ, ಅದು ನನ್ನ ಕೈಯಲ್ಲ. ನನ್ನ ದನಿಯೂ ಅಲ್ಲ. ಬಳೆ ನೋಡಿ," ಅಂದ.

ಹೊನ್ನಾಜಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಮಾಸ್ವಾಮಿ, ಅವತ್ತು ಬಳೆ ತೊಟ್ಟ ಕೈ ಇವರದೇ ಅಂತ ತಾವೇ ಬರಸಿದ್ರಿ. ಹೆಣ್ಣುದನಿ ಇವರದೇ ಅಂತಾನೂ ತಾವೇ ಬರಸಿದ್ರಿ. ಅದು ದಿಟವಾದ್ರೆ ಈ ಮಾತೂ ಇವರದೇ, ನಡಸಿಕೊಡ್ಲಿ. ಈ ಮಾತು ಇವರದಲ್ಲ ಅಂದ್ರೆ ಅವತ್ತಿನ ಕೈಯೂ ಇವರದಲ್ಲ, ದನೀನೂ ಇವರದಲ್ಲ, ಆ ಭತ್ತಾನೂ ಇವರದಲ್ಲ. ಎರಡ್ರಲ್ಲಿ ಯಾವ್ದು ಅಂತ ಅವರ್ನೇ ಕೇಳಿ."

ಪ್ರಚಂಡರಾಯ ಅಕ್ಕನ ಕಡೆ ತಿರುಗಿದ. ಕರಣಿಕ ಯಾರೂ ಕೇಳದೆಯೇ ಹಳೇ ಕಡತದ ಆ ಎರಡು ಸಾಲನ್ನು ಗಟ್ಟಿಯಾಗಿ ಓದಿದ. ಅವನ ಹೆಂಡತಿಯೂ ಕೆಳಗಿನ ಬೀದಿಯ ಸಂಡಿಗೆಯನ್ನೇ ಕೊಳ್ಳುತ್ತಿದ್ದಳು. ರಾಜ ರಾಣಿಯ ಕಡೆ ನೋಡಿದ. ರಾಣಿ ಈ ಸಲ ಚಾವಣಿಯ ಕಡೆ ನೋಡುತ್ತಿದ್ದಳು, ಊರೆಲ್ಲ ನೋಡಿದ ವಿಡಿಯೊವನ್ನು ಅವಳಾದರೂ ಏನು ಮಾಡಿಯಾಳು?

"ಬರೆಸಿದ್ದನ್ನ ನಾನು ಅಳಿಸೋನಲ್ಲ. ಪ್ರಚಂಡರಾಯ ಹೇಳಿದ ಹಾಗೇ ಆಗಲಿ," ಅಂದ ರಾಜ. ಎರಡು ಸಲ ಕಣ್ಣುಮುಚ್ಚಿ ತೀರ್ಪು ಕೊಟ್ಟವನು ಮೂರನೇ ಸಲ ಎದೆ ಉಬ್ಬಿಸಿಕೊಂಡು ಧರ್ಮಪ್ರಭುವಾದ. ಜನ ಜೈಕಾರ ಹಾಕಿದರು. ಹೊನ್ನಾಜಮ್ಮ ಮಾತ್ರ ಹಾಕಲಿಲ್ಲ.

ಗಾಡಿಗಳು ಕೆಳಗಿನ ಬೀದಿಗೆ ಬಂದವು. ಭತ್ತ ಏಳು ಪಾಲಾಯಿತು, ದಿನ ಬಿಟ್ಟುಕೊಟ್ಟವರಿಗೂ ಒಂದೇ ಅಳತೆ, ವಿಡಿಯೊ ಮಾಡಿದವರಿಗೂ ಒಂದೇ ಅಳತೆ. 'ಪ್ರಚಂಡ ಲೋಕ'ದ ಬೋರ್ಡು ಇಳಿಯಿತು, 'ಏಳು ಮನೆ' ಏರಿತು. ಲಕ್ಷ ಜನರ ಕಣ್ಣೆದುರು ಬುಧವಾರದ ವಿಡಿಯೊದ ಕೆಳಗೆ 'ಹೊನ್ನಾಜಮ್ಮ' ಎಂದು ಬಂತು. ಅವಳು ಅವತ್ತು ಬಾಗಿಲು ಹಾಕಿಕೊಂಡು ಅತ್ತಳು. ಸಂತೋಷಕ್ಕೇ ಅತ್ತದ್ದು.

ವಾರ ಕಳೆದ ಮೇಲೆ ಪ್ರಚಂಡರಾಯ ನಡೆದುಕೊಂಡು ಬಂದ, ಪಲ್ಲಕ್ಕಿ ಇರಲಿಲ್ಲ.

"ಹೊನ್ನಾಜಮ್ಮನವರೇ, ಇಷ್ಟು ದೊಡ್ಡ ಚಾನೆಲ್ಲಲ್ಲಿ ನನಗೂ ಒಂದು ದಿನ ಕೊಡಿ. ಒಂದು ನಿಮಿಷ ಸಾಕು."

ಹೊನ್ನಾಜಮ್ಮ ಹಿಟ್ಟು ತಿರುವುತ್ತಲೇ ಅಂದಳು, "ವಾರಕ್ಕೆ ಏಳೇ ದಿನ ಬುದ್ಧಿ, ಏಳಕ್ಕೂ ಜನ ಅವ್ರೆ. ಎಂಟನೇ ದಿನ ಪೂರ್ತಿ ನೀವೇ ಇಟ್ಕಳಿ. ಪಾಲು ಗೀಲು ಏನೂ ಬ್ಯಾಡ."

ಅವನು ಈಗಲೂ ಎಂಟನೇ ದಿನಕ್ಕೆ ಕಾಯುತ್ತಾ ಮೀಸೆ ತೀಡುತ್ತಿದ್ದಾನಂತೆ.

ಇದರ ನೀತಿ ಏನಪ್ಪಾ ಅಂದರೆ, ಕೂಡಿ ಮಾಡಿದ್ದನ್ನು ಕೂಡಿಯೇ ಹಂಚಿಕೊಳ್ಳಬೇಕು. ಇನ್ನೊಬ್ಬರ ದುಡಿಮೆಯನ್ನು ನನ್ನದು ಅಂದವನು, ಆ ದುಡಿಮೆ ಬಾಯಿಬಿಟ್ಟು ಹೇಳುವ ಮಾತನ್ನೂ ನನ್ನದು ಅನ್ನಬೇಕಾಗುತ್ತದೆ.

ಕಥೆ ಒಣಗಿತು, ಎತ್ತಿ ಡಬ್ಬಿಗೆ ಹಾಕಿ. ಈಗ ಬೇಕಾದರೆ ಫೋನು ಕೈಗೆ ತಗೊಳ್ಳಿ. ಯಾರ ವಿಡಿಯೊ ನೋಡಿದರೂ, ಕೈ ಯಾರದು ಅಂತ ಒಂದು ಸಲ ನೋಡಿ.