ಮುಚ್ಚಿದ ಆವಿಗೆ

ಶಿಷ್ಯ ಕೇಳಿದ: “ಗುರುಗಳೇ, ಸಭೆಯಲ್ಲಿ ಮಾತಾಡು ಎಂದು ನೀವು ಹೇಳಿದಾಗಲೆಲ್ಲ ನಾನು ನಾಳೆ ಎನ್ನುತ್ತೇನೆ. ತಪ್ಪಿದರೆ ಏನು ಗತಿ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ. ಈ ಭಯ ಹೋಗುವುದು ಯಾವಾಗ?”

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಒಮ್ಮೆ ಅವನು ಸುಟ್ಟ ಮಡಕೆಗಳೆಲ್ಲ ಬಿರುಕು ಬಿಟ್ಟವು. ಅಂದಿನಿಂದ ಅವನಿಗೆ ದಿಗಿಲು ಹಿಡಿಯಿತು. ಆವಿಗೆಯಲ್ಲಿ ಮಡಕೆ ಜೋಡಿಸಿ, ಹುಲ್ಲು ಹೊದಿಸಿ, ಮಣ್ಣು ಮೆತ್ತಿ ಬೆಂಕಿ ಇಟ್ಟ ಮೇಲೆ ಸುಮ್ಮನಿರಲಾರ. ಮಣ್ಣು ಕೆದಕಿ ಒಳಗೆ ಇಣುಕುವನು. ತಣ್ಣನೆಯ ಗಾಳಿ ನುಗ್ಗಿ ಕಾದ ಮಡಕೆಗಳು ಬಿರಿಯುವವು. ಇಣುಕಬಾರದೆಂದು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು, ಮಗನಿಗೆ ಅದನ್ನೇ ಕಲಿಸಿದ್ದ. ಆದರೂ ಬಿರಿದ ಮಡಕೆ ಕಂಡಾಗಲೆಲ್ಲ, ‘ನೋಡಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ’ ಎಂದುಕೊಳ್ಳುವನು. ಮನಸ್ಸು ವಕೀಲಿಕೆಗೆ ನಿಂತರೆ ಎಂಥ ತಪ್ಪನ್ನೂ ಗೆಲ್ಲಿಸಿಕೊಡುತ್ತದೆ. ಕೊನೆಗೆ ಅವನು, ಈ ಸಲವೂ ಕೆಟ್ಟರೆ ಕಸುಬನ್ನೇ ಬಿಟ್ಟೆ ಎಂದು ಹೆಂಡತಿಗೆ ಹೇಳಿದ.

ಆ ದಿನಗಳಲ್ಲಿ ಊರಿಗೆ ಒಬ್ಬ ಸಂಶೋಧಕಿ ಬಂದಿದ್ದಳು. ಆತಂಕ ಹಿಡಿದವರ ಮನಸ್ಸಿನಲ್ಲಿ ಯೋಚನೆ ಹೇಗೆ ಓಡುತ್ತದೆ, ಅದಕ್ಕೆ ಮದ್ದೇನು ಎಂಬುದೇ ಅವಳ ಓದು. ಹಟದ ಹೆಣ್ಣು. ಕುಂಬಾರನ ಹೆಂಡತಿ ಅವಳನ್ನು ಮನೆಗೆ ಕರೆತಂದಳು. ಸಂಶೋಧಕಿ ಎಲ್ಲವನ್ನೂ ಕೇಳಿದಳು. ಇಣುಕಿದರೆ ಭಯ ಕಳೆಯುತ್ತದೆಂದು ಇವನು ನಂಬಿದ್ದಾನೆ, ಇಣುಕಿ ಇಣುಕಿಯೇ ಅದನ್ನು ಸಾಕುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಈ ಸಲ ಮಣ್ಣು ಕೆದಕಬೇಡಿ ಎಂದಳು. ಅವನು ಒಪ್ಪಿದ. ಬೆಂಕಿ ಹತ್ತಿದ ಮೇಲೆ ಇಬ್ಬರೂ ಆವಿಗೆಯ ಪಕ್ಕದಲ್ಲಿ ಕೂತರು.

ಬಿಸಿಲು ಏರಿದಂತೆ ಕುಂಬಾರನ ಕೈ ಮತ್ತೆ ಮತ್ತೆ ಮಣ್ಣಿನ ಕಡೆಗೆ ಹೋಗತೊಡಗಿತು.

“ಎಲ್ಲ ಒಡೆದೋದ್ರೆ ಏನ್ ಮಾಡ್ಲವ್ವ? ಏನೂ ಆಗಕಿಲ್ಲ ಅಂತ ಒಂದ್ ಮಾತು ಹೇಳ್ಬುಡು, ಸುಮ್ಕೆ ಕುಂತ್ಕತೀನಿ” ಎಂದ.

ಅವಳಿಗೂ ಹೇಳಿಬಿಡೋಣ ಎನ್ನಿಸಿತು. ಆದರೆ ಆ ಮಾತೂ ಒಂದು ಇಣುಕೇ. ಅರೆಗಳಿಗೆ ಸಮಾಧಾನ ಕೊಟ್ಟು ಮತ್ತೆ ಅದೇ ಪ್ರಶ್ನೆಯನ್ನು ಕರೆತರುತ್ತದೆ ಎಂದು ಅವಳು ಬಲ್ಲಳು.

“ಒಡೆಯಬಹುದು ಯಜಮಾನರೇ. ಆದರೂ ಮುಟ್ಟಬೇಡಿ. ನಾನು ಇಲ್ಲೇ ಇರುತ್ತೇನೆ” ಎಂದಳು.

ಕುಂಬಾರನಿಗೆ ಸಿಟ್ಟು ಬಂತು. ಎದ್ದ, ಸುತ್ತಿದ, ಬೈದ, ಮತ್ತೆ ಕೂತ. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿ ಹಿಡಿದುಕೊಂಡ. ಮಣ್ಣನ್ನು ಮಾತ್ರ ಮುಟ್ಟಲಿಲ್ಲ. ಆವಿಗೆ ಪೂರಾ ಆರಿದ ಮೇಲೆ ಬಿಚ್ಚಿದರು. ಕೆಲವು ಮಡಕೆ ಬಿರಿದಿದ್ದವು, ಹೆಚ್ಚಿನವು ಗಟ್ಟಿಯಾಗಿದ್ದವು. ಅವನು ಒಂದೊಂದನ್ನೇ ಬೆರಳಿನಿಂದ ತಟ್ಟಿ, ದನಿ ಕೇಳಿ, ಪಕ್ಕಕ್ಕಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಹಾಗಾದರೆ ಅವನ ಭಯ ಹೋಯಿತೇ?”

“ನಾನೂ ಅದನ್ನೇ ಕೇಳಲು ಹೋಗಿದ್ದೆ; ಅವನು ನಡುಗುವ ಕೈಯಲ್ಲೇ ಮುಂದಿನ ಆವಿಗೆಗೆ ಬೆಂಕಿ ಇಡುತ್ತಿದ್ದ, ಉತ್ತರ ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ.”