ಹೆಡ್‌ಮಾಸ್ಟರರ ಅವಸರ

‘ಕ್ಯಾನ್ ಐ ಗೋ’ ಎಂದು ಇಂಗ್ಲಿಷಿನಲ್ಲಿ ಕೇಳದವರನ್ನು ಶೌಚಕ್ಕೆ ಬಿಡಕೂಡದು ಎಂದು ಹೆಡ್‌ಮಾಸ್ಟರು ಅಪ್ಪಣೆ ಮಾಡಿದ್ದರು. ಒಂದನೇ ತರಗತಿಯ ಹುಡುಗಿಯೊಬ್ಬಳು ಕನ್ನಡದಲ್ಲಿ ಬೇಡಿ ಬೇಡಿ, ಕೂತಲ್ಲೇ ಲಂಗ ಒದ್ದೆ ಮಾಡಿಕೊಂಡು ಅತ್ತಳು. ಆ ಲಂಗ ಒಗೆಯುವಾಗ ಆಯಾ ಚೆನ್ನಾಜಮ್ಮನ ಮೈಯೆಲ್ಲ ಉರಿಯಿತು.

ಮೇಷ್ಟರುಗಳ ಶೌಚಾಲಯದ ಬೀಗದ ಕೈ ಸದಾ ಅವಳ ಸೊಂಟದಲ್ಲೇ. ಮಧ್ಯಾಹ್ನ ಹೆಡ್‌ಮಾಸ್ಟರು ಓಡೋಡಿ ಬಂದರು.

“ಕೀ ಕೊಡಮ್ಮ, ಬೇಗ.”

“ಕನ್ನಡದಲ್ಲಿ ಕೇಳಿದರೆ ಬಿಡಕೂಡದಲ್ಲ, ಸಾರ್. ತಮ್ಮದೇ ಅಪ್ಪಣೆ.”

ಅವರು ಹಲ್ಲು ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು.

“ನನಗೆ ಇಂಗ್ಲಿಷ್ ಬರಲ್ಲ, ಸಾರ್. ಏನು ಬೇಕಾಗಿತ್ತು?”

ಹೆಡ್‌ಮಾಸ್ಟರು ನಿಂತಲ್ಲೇ ಕಾಲು ಬದಲಿಸಿದರು. “ಮಕ್ಕಳು ಯಾವ ಭಾಷೆಯಲ್ಲಾದರೂ ಕೇಳಲಿ. ಕೊಡು ತಾಯಿ.”

“ತರಗತಿಗೆ ಕೇಳಿಸಲಿಲ್ಲ.”

ಅವರು ಕಟ್ಟಡ ನಡುಗುವಂತೆ ಅದನ್ನೇ ಕೂಗಿದರು. ಚೆನ್ನಾಜಮ್ಮ ಬೀಗದ ಕೈ ಕೊಡುವಷ್ಟರಲ್ಲಿ, ಒಂದನೇ ತರಗತಿಯ ಅರ್ಧ ಮಕ್ಕಳು ಅವರನ್ನು ದಾಟಿ ಓಡಿದ್ದರು.